ಎಡಗಡೆಯ ಕೆರೆಗಳು

ಫೋಟೊ ತೆಗೆದು ಅಲ್ಲೇ ನೋಡಿಕೊಳ್ಳುವ ಕಾಲ ಇನ್ನೂ ನಮ್ಮೂರಿಗೆ ಬಂದಿರಲಿಲ್ಲ. ಹೊಳೆನರಸೀಪುರದ ಮಕ್ಕಳಿಗೆ ಆಗ ದಸರಾ ರಜೆ ಅಂದರೆ ಹೇಮಾವತಿ ಹೊಳೆಯ ದಡ, ಗೊಂಬೆ ಕೂರಿಸಿದವರ ಮನೆಯಲ್ಲಿ ಕೊಡುವ ಚರ್ಪಿನ ತಿಂಡಿ, ಮಧ್ಯಾಹ್ನ ಜಗಲಿಯ ಮೇಲೆ ಚೌಕಾಬಾರ. ರಜೆಗೆಂದು ಊರು ಬಿಟ್ಟರೆ ಅಜ್ಜಿ ಮನೆಗೆ, ಅಷ್ಟೆ. ನಾನು ಐದನೇ ಕ್ಲಾಸಿನಲ್ಲಿದ್ದ ಆ ವರ್ಷ ಮಾತ್ರ ನಾವು ನಾಲ್ಕು ಜನ ಒಲೆ, ಹಾಸಿಗೆ, ನೀರಿನ ಡ್ರಮ್ಮು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಕೆರೆ ನೋಡಲು ಹೊರಟೆವು.

ಗಾಡಿ ಅಪ್ಪನದು. ಹಳದಿ ಬಣ್ಣದ ವ್ಯಾನು. ವರ್ಷವೆಲ್ಲ ಅದರಲ್ಲಿ ಸುತ್ತಲಿನ ಹಳ್ಳಿಯ ಮಕ್ಕಳನ್ನು ಇಸ್ಕೂಲಿಗೆ ಕರೆತಂದು ಬಿಡುವುದು ಅಪ್ಪನ ಕೆಲಸ. ಯಾವಾಗಲೋ ಹಳೇಬೀಡಿಗೆ ಬಾಡಿಗೆಗೆ ಹೋದಾಗ ಅಲ್ಲಿ ಬಿಳಿಯರ ಒಂದು ದೊಡ್ಡ ವ್ಯಾನು ನಿಂತಿದ್ದನ್ನು ಅಪ್ಪ ನೋಡಿದ್ದ. ಅದರೊಳಗೇ ಅಡುಗೆ, ಅದರೊಳಗೇ ನಿದ್ದೆ, ಕಿಟಕಿಗೆ ಪರದೆ ಬೇರೆ. "ಮನೆಗೇ ಚಕ್ರ ಕಟ್ಕಂಡವ್ರೆ ಕಣಮ್ಮಿ" ಎಂದು ಆ ಕತೆಯನ್ನು ನನಗೆ ಎಷ್ಟು ಸಲ ಹೇಳಿದ್ದನೋ. ಆ ದಸರೆಗೆ ರಜೆ ಬಿಟ್ಟ ಮರುದಿನವೇ ಅಪ್ಪ ಹಿಂದಿನ ಸೀಟುಗಳನ್ನೆಲ್ಲ ಬಿಚ್ಚಿ ಜಗಲಿಗೆ ಸಾಗಿಸಿದ. ಹಲಗೆ ಜೋಡಿಸಿ ಮಂಚ ಮಾಡಿದ. ಅವ್ವನ ಹಳೆಯ ನೀಲಿ ಸೀರೆಯನ್ನು ಹರಿದು ಕಿಟಕಿಗೆ ಪರದೆ ಕಟ್ಟಿದ.

"ಇದೇನ್ ಹುಚ್ಚು ನಿಮ್ಗೆ?" ಅಂದಳು ಅವ್ವ. "ಓಗಾದೇ ಆದ್ರೆ ಮೊಸಳೆ ಊರ ಜೋಡಿ ಗುಡಿಗಾದ್ರೂ ಓಗ್ಬರಾವ."

"ಗುಡಿ ಎಲ್ಗೂ ಓಗಾಕಿಲ್ಲ. ಕಲ್ಲ ಕೈಲಿ ಮುಟ್ಟಿ ಬೇಕಾರೂ ನೋಡ್ಬೌದು. ನೀರ ಕಣ್ಣಲ್ಲೇ ನೋಡ್ಬೇಕು" ಅಂದ ಅಪ್ಪ.

ಅವ್ವ ನಕ್ಕಳು. ನಾವ್ಯಾರೂ ಆ ಮಾತಿನ ಮೇಲೆ ಎರಡನೇ ಸಲ ಯೋಚಿಸಲಿಲ್ಲ.

ಆ ಸಲ ಮಳೆ ಚೆನ್ನಾಗಿ ಹಿಡಿದಿತ್ತು. ಅರಕಲಗೂಡಿನ ದಾರಿಯುದ್ದಕ್ಕೂ ಕೆರೆಗಳೆಲ್ಲ ಕೋಡಿ ಬಿದ್ದಿದ್ದವು. ಹೊಲದಲ್ಲಿ ರಾಗಿ ಮೊಣಕಾಲೆತ್ತರ. ವ್ಯಾನಿನೊಳಗೆ ಸೀಮೆಎಣ್ಣೆ ಸ್ಟೌವಿನ ವಾಸನೆ, ಅವ್ವ ಕಟ್ಟಿದ್ದ ಹುಚ್ಚೆಳ್ಳು ಚಟ್ನಿಪುಡಿಯ ವಾಸನೆ, ಡೀಸೆಲ್ಲಿನ ವಾಸನೆ, ಮೂರೂ ಸೇರಿ ಒಂದೇ ಆಗಿತ್ತು. ಐದು ವರ್ಷದ ತಂಗಿ ಪವಿ ಹಲಗೆ ಮಂಚದ ಮೇಲೆ ಕುಣಿದು ಕುಣಿದು ತಲೆ ಬಡಿಸಿಕೊಂಡು ಅತ್ತಳು, ಮತ್ತೆ ಕುಣಿದಳು.

ಅಪ್ಪ ನನ್ನನ್ನು ಮುಂದೆ ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡಿದ್ದ. ಹೊರಡುವ ಮೊದಲೇ ಒಂದು ಆಟ ಹೇಳಿಕೊಟ್ಟಿದ್ದ.

"ಎಡಗಡೆ ಏನ್ ಬಂದ್ರೂ ನಂಗಿಂತ ಮುಂಚೆ ನೀನ್ ಕೂಗ್ಬೇಕು. ದನ, ಸೈಕಲ್ಲು, ಮನುಸ್ರು, ಏನಾದ್ರೂ ಸೈ. ಇಪ್ಪತ್ತು ಕೂಗುದ್ರೆ ಒಂದು ಕಡ್ಲೆಮಿಠಾಯಿ."

ನಾನು "ಎಮ್ಮೆ!" ಎನ್ನುತ್ತಿದ್ದೆ. "ಸೈಕಲ್ಲು! ಎರಡು ಸೈಕಲ್ಲು!" ಎನ್ನುತ್ತಿದ್ದೆ. ಅಪ್ಪ ಪ್ರತಿ ಸಲವೂ "ಭೇಷ್" ಎಂದು ಗಾಡಿಯನ್ನು ಒಂಚೂರು ಬಲಕ್ಕೆ ತಿರುಗಿಸುತ್ತಿದ್ದ. ನಾನೇ ಪ್ರತಿ ಸಲವೂ ಗೆಲ್ಲುತ್ತಿದ್ದೆ. ಅಪ್ಪ ಬೇಕೆಂದೇ ಸೋಲುತ್ತಿದ್ದಾನೆ ಅಂದುಕೊಂಡು ನನಗೆ ಇನ್ನಷ್ಟು ಖುಷಿ. ಹೀಗೆ ಮೂರು ದಿನವೂ ನಾನು ಎಡಕ್ಕೇ ನೋಡುತ್ತಾ ಕೂತೆ. ಬಲಕ್ಕೆ ಕೂತಿದ್ದ ಅಪ್ಪನ ಮುಖವನ್ನು ಒಮ್ಮೆಯಾದರೂ ನೋಡಿದ್ದರೆ ಏನಾದರೂ ತಿಳಿಯುತ್ತಿತ್ತೇನೋ.

ರುದ್ರಪಟ್ಟಣದಲ್ಲಿ ಕಾವೇರಿಯ ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿಂದೆವು. ಯಾರದೋ ಮನೆಯಿಂದ ಪಿಟೀಲು ಅಭ್ಯಾಸದ ಸದ್ದು ಬರುತ್ತಿತ್ತು, ಒಂದೇ ಸಾಲನ್ನು ಮತ್ತೆ ಮತ್ತೆ. ಎದ್ದು ಬರುವಾಗ ಅಪ್ಪ ಮೆಟ್ಟಿಲು ತಪ್ಪಿ ಮುಗ್ಗರಿಸಿದ. "ಪಾಚಿ ಕಣೆ" ಅಂದ. ಮೆಟ್ಟಿಲು ಒಣಗಿತ್ತು. ಗೊರೂರಿನ ಹಿನ್ನೀರಿನ ಬಳಿ ಅವ್ವ ಎಡಗಡೆ ಇಟ್ಟ ಕಾಫಿ ಲೋಟವನ್ನು ಕೈ ತಾಗಿಸಿ ಚೆಲ್ಲಿದ. "ಅಯ್ಯೋ, ಪಕ್ದಲ್ಲೇ ಇಟ್ಟಿದ್ನಲ್ರೀ" ಎಂದು ಅವ್ವ ರೇಗಿದಳು.

ಆ ಸಂಜೆ ಹಿನ್ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಅಪ್ಪ ದಡದಲ್ಲಿ ನಿಂತು ನೀರಿನ ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ಇಡೀ ತಲೆಯನ್ನು ತಿರುಗಿಸುತ್ತಿದ್ದ. ಹಕ್ಕಿ ಎಣಿಸುತ್ತಿದ್ದಾನೆ ಅಂದುಕೊಂಡು ನಾನೂ ಪಕ್ಕದಲ್ಲಿ ನಿಂತು ಎಣಿಸಿದೆ. ಅಷ್ಟು ದೊಡ್ಡ ನೀರನ್ನು ಅವನು ತುಂಡು ತುಂಡಾಗಿ ನೋಡುತ್ತಿದ್ದ ಎಂದು ನನಗೆ ಹೊಳೆದದ್ದು ತೀರಾ ಈಚೆಗೆ.

ಎರಡನೆಯ ದಿನ ಹಾಸನದ ಸಂತೆಬೀದಿಯಲ್ಲಿ ಆಲೂಗಡ್ಡೆ ಕೊಂಡು, ಚನ್ನರಾಯಪಟ್ಟಣದ ಕೆರೆಯ ಬಳಿ ಕೆಂಡದಲ್ಲಿ ಸುಟ್ಟು, ಉಪ್ಪು ಖಾರ ಹಚ್ಚಿ ತಿಂದೆವು. ಬೂದಿ ಮೆತ್ತಿದ ಬಾಯಿಯಲ್ಲೇ ಪವಿ ಅಪ್ಪನ ಕೆನ್ನೆಗೆ ಮುತ್ತು ಕೊಟ್ಟಳು. ಅವ್ವ ಅಷ್ಟು ನಕ್ಕದ್ದನ್ನು ನಾನು ಆಮೇಲೆ ನೋಡಿಲ್ಲ.

ಮೂರನೆಯ ದಿನ ಬೆಳಿಗ್ಗೆ ಊರಿನ ದಾರಿ ಹಿಡಿದೆವು. ದಾರಿಯಲ್ಲಿ ಒಂದು ಸಣ್ಣ ಹಳ್ಳಿಯ ಕೆರೆ. ರಸ್ತೆ ಕೆರೆಯ ಏರಿಯ ಮೇಲೇ ಹೋಗುತ್ತಿತ್ತು, ಒಂದು ಗಾಡಿ ಹೋದರೆ ಇನ್ನೊಂದಕ್ಕೆ ಜಾಗವಿಲ್ಲ. ನೀರು ನಮ್ಮ ಎಡಕ್ಕೆ, ತುಂಬ ತಾವರೆ ಎಲೆ. ಎಲೆಗಳ ಮೇಲೆ ಉದ್ದ ಕಾಲಿನ ಹಕ್ಕಿಯೊಂದು ಮರಿಗಳನ್ನು ಹಿಂದೆ ಹಾಕಿಕೊಂಡು ನಡೆಯುತ್ತಿತ್ತು.

"ಅಕ್ಕಾ, ನೀರ್ ಮ್ಯಾಲೆ ನಡೀತೈತೆ ನೋಡು!" ಎಂದು ಪವಿ ಹಿಂದಿನಿಂದ ಕಿರುಚಿದಳು. ನಾನು ನೋಡಿದೆ. ಮರಿ ಎಷ್ಟಿವೆ ಎಂದು ಎಣಿಸತೊಡಗಿದೆ. ನಾಲ್ಕರವರೆಗೆ ಎಣಿಸಿದ್ದೆ.

ಗಾಡಿಗೆ ಏನೋ ಮೆತ್ತಗೆ ತಾಗಿದ ಸದ್ದಾಯಿತು. ಅಪ್ಪ ಬ್ರೇಕು ಒತ್ತಿದ. "ಏನದು? ಏನಾಯ್ತು?" ಎಂದು ನನ್ನನ್ನು ಕೇಳಿದ. ಆ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ಒಬ್ಬ ಹೆಂಗಸು ಹುಲ್ಲಿನ ಹೊರೆ ಹೊತ್ತು ಏರಿಯ ಅಂಚಿನಲ್ಲೇ ಹೋಗುತ್ತಿದ್ದಳು. ಗಾಡಿ ಹೊರೆಗೆ ತಾಗಿತ್ತು. ಹೊರೆಯ ಜೊತೆ ಅವಳೂ ಕೆಳಕ್ಕೆ ಉರುಳಿದ್ದಳು.

ನಾವೆಲ್ಲ ಇಳಿದು ಓಡಿದೆವು. ಅವಳು ನೀರಿನಂಚಿನ ಕಲ್ಲುಗಳ ನಡುವೆ ಎದ್ದು ಕೂತಿದ್ದಳು. ಮೈಯೆಲ್ಲ ಕೆಸರು, ಹುಲ್ಲು ನೀರಿನ ಮೇಲೆ ಹರಡಿಕೊಂಡು ತೇಲುತ್ತಿತ್ತು. ಎಡಗೈ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡಿದ್ದಳು. ಅಪ್ಪನನ್ನು ನೋಡಿದ್ದೇ ಬೈದಳು.

"ಇಷ್ಟ್ ದಪ್ಪ ಹೊರೆ ಹೊತ್ಕಂಡ್ ಬತ್ತಾ ಇವ್ನಿ, ಕಾಣಾಕಿಲ್ವೇನ್ಲಾ? ನೀನೇನ್ ಕುಲ್ಡನಾ?"

ಅಪ್ಪ ಏರಿಯ ಮೇಲೆ ನಿಂತಲ್ಲೇ ನಿಂತ. ಕೈ ಎರಡೂ ಜೋತುಬಿದ್ದಿದ್ದವು.

"ಊಂ ಕಣವ್ವ" ಅಂದ. "ಕಾಣಾಕಿಲ್ಲ."

ಅವ್ವ ಅಪ್ಪನ ಕಡೆ ತಿರುಗಿದಳು. ನಾನು ಅಳಲು ಶುರು ಮಾಡಿದೆ. "ನಾನ್ ಕೂಗ್ನಿಲ್ಲ ಅವ್ವ, ಹಕ್ಕಿ ನೋಡ್ತಿದ್ದೆ, ನಾನ್ ಕೂಗ್ನಿಲ್ಲ" ಎಂದು ಒಂದೇ ಸಮನೆ ಹೇಳಿದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ.

"ನಿಂದೇನೂ ತಪ್ಪಿಲ್ಲ ಕಣಮ್ಮಿ. ಅದು ಆಟ ಅಲ್ಲ."

ಆಮೇಲೆ ಅವ್ವನಿಗೆ ಹೇಳಿದ. ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿಗೆ ಎದುರಿನದು ಬಿಟ್ಟರೆ ಪಕ್ಕದ್ದು ಕಾಣುತ್ತಿರಲಿಲ್ಲ. ಇನ್ನು ಗಾಡಿ ಮುಟ್ಟಬೇಡ, ಇರುವ ನೋಟವೂ ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ಹಾಸನದ ಕಣ್ಣಿನ ಡಾಕ್ಟರು ಎರಡು ತಿಂಗಳ ಹಿಂದೆಯೇ ಹೇಳಿದ್ದರಂತೆ.

"ದಸರಾ ಮುಗುದ್ಮ್ಯಾಲೆ ಗಾಡಿ ಬುಟ್ಬುಡಾವ ಅಂತಿದ್ದೆ. ಅದ್ಕೂ ಮುಂಚೆ ಒಂದ್ಸಲ ನಿಮ್ ಜತೇಲಿ ಎಲ್ಲಾನೂ ನೋಡ್ಬುಡಾವ ಅಂತ."

ಅವ್ವ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. "ಎರಡ್ ತಿಂಗ್ಳಿಂದ ಮಕ್ಕಳ್ನ ತುಂಬ್ಕಂಡ್ ಓಗ್ತಿದ್ಯಲ್ಲೋ" ಅಂದಳು. ಅವ್ವ ಅಪ್ಪನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. "ಅಷ್ಟೂ ಮನೆ ಮಕ್ಕಳ್ನ. ಏನಾರ ಆಗಿದ್ರೆ?"

"ಗೊತ್ತು. ದಿನಾ ಕೊನೇ ಮಗ ಇಳಿಯಾಗಂಟ ಜೀವ ಕೈಲಿರ್ತಿತ್ತು. ಬುಡಾವ ಅಂದ್ರೆ, ಬುಟ್ಟು ಏನಾಗ್ಲಿ ನಾನು ಅನ್ಸೋದು."

ಅವ್ವ ಕೆಳಗಿಳಿದು ಹೋಗಿ ಆ ಹೆಂಗಸನ್ನು ತೋಳು ಹಿಡಿದು ಎಬ್ಬಿಸಿದಳು. ಹೆಸರು ಕೆಂಪಮ್ಮ ಎಂದು ಗೊತ್ತಾಯಿತು. ಮಣಿಕಟ್ಟು ಊದಿಕೊಳ್ಳುತ್ತಿತ್ತು. ಅಷ್ಟರಲ್ಲಿ ಊರಿನ ನಾಲ್ಕು ಜನ ಸೇರಿದರು. ಅವರಲ್ಲಿ ತೆಂಗಿನಕಾಯಿ ಲಾರಿ ಓಡಿಸುವವರೊಬ್ಬರು ಅಪ್ಪನ ಕಡೆ ಕೈ ಚಾಚಿ ಬೀಗದ ಕೈ ಕೇಳಿದರು. ಅಪ್ಪ ಕೊಟ್ಟು, ಹಿಂದಿನ ಬಾಗಿಲಿನಿಂದ ಹತ್ತಿ, ತಾನೇ ಮಾಡಿದ ಹಲಗೆ ಮಂಚದ ತುದಿಯಲ್ಲಿ ಕೂತ. ಅವನ ಗಾಡಿಯಲ್ಲಿ ಅವನು ಹಿಂದೆ ಕೂತದ್ದು ನಾನು ನೋಡಿದ್ದು ಅದೇ ಮೊದಲ ಸಲ.

ಗಾಡಿ ಚನ್ನರಾಯಪಟ್ಟಣದ ಆಸ್ಪತ್ರೆಗೆಂದು ಹಿಂದಕ್ಕೆ ಹೊರಟಿತು. ಕೆಂಪಮ್ಮ ಮಲಗಿದ್ದವಳು ಪರದೆ, ಸ್ಟೌವು, ಮೊಳೆಗೆ ನೇತುಹಾಕಿದ್ದ ಲೋಟಗಳನ್ನೆಲ್ಲ ನೋಡಿದಳು.

"ಚೆಂದಾಗ್ ಮಾಡಿದೀಯ ಕಣಪ್ಪ ಗಾಡಿಯ" ಅಂದಳು.

ಆಗ ಅಪ್ಪ ಅತ್ತ. ಸದ್ದಿಲ್ಲದೆ, ಮುಖ ಮುಚ್ಚಿಕೊಳ್ಳದೆ. ಪವಿ ಅವನ ತೊಡೆಯೇರಿ ಕೂತು ಕಣ್ಣೀರನ್ನು ತನ್ನ ಲಂಗದಿಂದ ಒರೆಸಿದಳು.

ಕೆಂಪಮ್ಮನ ಮೂಳೆ ಕೂಡಿಕೊಂಡಿತು. ಅಪ್ಪ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಎರಡು ಸಲ ಹೋಗಿ ನೋಡಿ ಬಂದ. ವ್ಯಾನು ದೀಪಾವಳಿಯೊಳಗೆ ಬೇರೆಯವರ ಕೈಗೆ ಹೋಯಿತು. ಬಲಗಣ್ಣು ಮೂರು ವರ್ಷ ಉಳಿಯಿತು, ಆಮೇಲೆ ಅದೂ ಹೋಯಿತು. ಅವ್ವ ಹೊಲಿಗೆ ಹಿಡಿದಳು. ಅಪ್ಪ ಮನೆಯಲ್ಲೇ ಕೂತು ತೆಂಗಿನ ಗರಿಯಿಂದ ಕಡ್ಡಿ ಸೀಳಿ ಪೊರಕೆ ಕಟ್ಟುವುದನ್ನು ಕಲಿತ. ಯಾರ ಮೇಲೂ ರೇಗುತ್ತಿರಲಿಲ್ಲ. ಏನನ್ನೂ ಆಸೆಪಟ್ಟು ಕೇಳುತ್ತಲೂ ಇರಲಿಲ್ಲ. ಇಡೀ ದಾರಿ ಒಂದಲ್ಲ ಒಂದು ಕತೆ ಹೇಳುತ್ತಿದ್ದ ಮನುಷ್ಯ ಊಟ, ನೀರು, ಹೊತ್ತೆಷ್ಟಾಯ್ತು, ಇಷ್ಟಕ್ಕೆ ಬಂದು ನಿಂತ.

ಅಪ್ಪ ಹೋಗಿ ಈಗ ಎರಡು ವರ್ಷ. ಹನ್ನೊಂದನೆಯ ದಿನ ಬಂದವರೆಲ್ಲ ಉಂಡು ಹೊರಟ ಮೇಲೆ ನಾನು, ಪವಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆವು. ಆ ಪ್ರವಾಸದ ಮಾತು ಬಂತು. ಪವಿಗೆ ಅದರಲ್ಲಿ ಒಂದೂ ನೆನಪಿಲ್ಲ. ಹಕ್ಕಿಯೂ ಇಲ್ಲ, ಸುಟ್ಟ ಆಲೂಗಡ್ಡೆಯೂ ಇಲ್ಲ.

"ನಂಗೆ ಅಪ್ಪ ಅಂದ್ರೆ ಕೈ ಇಡ್ಕಂಡ್ ನಡುಸ್ಬೇಕಾದೋರು ಅಷ್ಟೆ" ಅಂದಳು. "ನಿಂಗೆ ಇಬ್ರು ಅಪ್ಪದೀರಿದ್ರು ಕಣಕ್ಕ. ನಂಗೆ ಒಬ್ರೇ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಪಾತ್ರೆ ತೊಳೆಯುತ್ತಲೇ ಹೇಳಿದಳು. ಆದರೆ ಮಾತು ನಿಜ. ಅಂದು ನಾವು ಎಡೆ ಇಟ್ಟದ್ದು, ನೆಂಟರೆಲ್ಲ ಬಂದು ಅತ್ತದ್ದು ಎರಡನೆಯ ಅಪ್ಪನಿಗೆ. ಮೊದಲನೆಯವನು ನನಗೆ ಹತ್ತು ವರ್ಷವಾಗಿದ್ದಾಗಲೇ ಆ ಕೆರೆಯ ಏರಿಯ ಮೇಲೆ ಹೋಗಿಬಿಟ್ಟಿದ್ದ. ಅವನಿಗಾಗಿ ಯಾರೂ ಅಳಲಿಲ್ಲ. ಮನೆಯಲ್ಲೇ ಇದ್ದಾನಲ್ಲ, ಉಸಿರಾಡುತ್ತಿದ್ದಾನಲ್ಲ ಎಂದು ನಾನೂ ಅಳಲಿಲ್ಲ.