ಹಗ್ಗದ ಮೇಲಿನ ವಾರ

ಹೊಸ ರೇಷ್ಮೆ ಬಟ್ಟೆಯ ಮಡಿಕೆ ಬಿಡಿಸಿದಾಗ ಮೂಗಿಗೆ ಬಡಿಯುವ ಗಂಜಿಯ ವಾಸನೆ ಇದೆಯಲ್ಲ, ಅದು ಎಷ್ಟೋ ಜನಕ್ಕೆ ಹಬ್ಬವನ್ನು ನೆನಪಿಸುತ್ತದೆ. ನನಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ತರೀಕೆರೆಯಿಂದ ಬಂದವರೊಬ್ಬರು ಮೇಜಿನ ಮೇಲೆ ಕಡುಗೆಂಪು ರವಿಕೆ ಬಟ್ಟೆ ಹರಡಿದರು. ನಾನು ಕತ್ತರಿ ಹುಡುಕುವ ನೆವದಲ್ಲಿ ಸ್ವಲ್ಪ ಹೊತ್ತು ಆಚೆ ತಿರುಗಿಕೊಂಡೆ. ಕಾರಣ ಹೇಳುತ್ತೇನೆ, ಕೂತುಕೊಳ್ಳಿ.

ಅಜ್ಜಂಪುರದಲ್ಲಿ ನಾನು ರವಿಕೆ ಹೊಲಿಯಲು ಕೂತು ಇಪ್ಪತ್ತು ವರ್ಷ ದಾಟಿತು. ಕೈ ಬಗ್ಗೆ ಯಾರೂ ದೂರು ಹೇಳಿದ್ದಿಲ್ಲ. ದೂರೆಲ್ಲ ತಲೆಯ ಬಗ್ಗೆ. "ಇವ್ಳ ಕೈಗೆ ಬಂಗಾರದ ಬಳೆ ತೊಡಿಸ್ಬೇಕು, ತಲೆಗೆ ಒಂದ್ ಮೊಟಕ್ಬೇಕು" ಎಂದು ಹಿಂದಿನ ಬೀದಿಯ ಶಾರದಕ್ಕ ನನ್ನೆದುರೇ ಹೇಳುತ್ತಿದ್ದಳು. ಸೋಮವಾರದ ರವಿಕೆ ಶುಕ್ರವಾರವಾಗುತ್ತಿತ್ತು, ಶುಕ್ರವಾರದ್ದು ಮೂಟೆಯ ತಳ ಸೇರುತ್ತಿತ್ತು.

ಪ್ರಯತ್ನ ಪಡಲಿಲ್ಲವೆಂದುಕೊಳ್ಳಬೇಡಿ. ಮೊದಲು ಡೈರಿ ಇಟ್ಟೆ. ಜನವರಿ ಹತ್ತರವರೆಗೆ ಮುತ್ತಿನಂಥ ಅಕ್ಷರ, ಆಮೇಲೆ ಬರೀ ಬಿಳಿ ಹಾಳೆ. ನಂತರ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯತೊಡಗಿದೆ. ಅದರಲ್ಲೇ ನಮ್ಮೆಜಮಾನರು ಹಾಲಿನ ಗುರುತು ಹಾಕುತ್ತಿದ್ದರು. 'ಗಿರಿಜಾ ೨' ಎಂದರೆ ಎರಡು ರವಿಕೆಯೋ ಎರಡು ಲೀಟರೋ ತಿಳಿಯದೆ ಹಾಲಿನ ಗಿರಿಜಮ್ಮನಿಗೆ ಅಳತೆ ರವಿಕೆ ಕೊಡು ಎಂದು ಹೇಳಿಕಳಿಸಿದ್ದೆ. ಬಟ್ಟೆಗೆ ಚೀಟಿ ಚುಚ್ಚಿ ನೋಡಿದೆ, ಫ್ಯಾನಿನ ಗಾಳಿಗೆ ಕಿತ್ತುಹೋಯಿತು. ಮಗಳು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಟ್ಟಳು. ಅದು ಬಡಿದುಕೊಳ್ಳುವ ಹೊತ್ತಿಗೆ ನನ್ನ ಕಾಲು ಪೆಡಲಿನ ಮೇಲಿರುತ್ತಿತ್ತು. ನೊಣ ಓಡಿಸಿದಂತೆ ಅದನ್ನು ಓಡಿಸಿ ಮುಂದಿನ ಹೊಲಿಗೆಗೆ ಹೋಗುತ್ತಿದ್ದೆ. ಹೊಸ ಪದ್ಧತಿ ಶುರುಮಾಡುವುದರಲ್ಲಿ ನನ್ನಷ್ಟು ಶ್ರದ್ಧೆಯವಳು ಈ ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ. ನಮ್ಮದು ತಾಲ್ಲೂಕಾದದ್ದೇ ಮೊನ್ನೆ ಮೊನ್ನೆ ಎಂಬುದು ಬೇರೆ ಮಾತು.

ಹೀಗಿರುವಾಗ ಒಂದು ಗುರುವಾರ ಬೆಳಿಗ್ಗೆ ಶಿವನಿಯಿಂದ ಒಬ್ಬ ತಾಯಿ ಬಂದರು. ಮಗಳು ಸವಿತಾಳ ಧಾರೆ ಸೀರೆಗೆ ಹೊಂದುವ ರವಿಕೆ ಬಟ್ಟೆ ನನ್ನ ಹತ್ತಿರ ಕೊಟ್ಟು ತಿಂಗಳಾಗಿತ್ತು. "ಕೊಡ್ರಮ್ಮ, ಬಸ್ಸು ಹತ್ತೂವರೆಗೆ" ಎಂದರು. ನಾನು ನಗುತ್ತಲೇ ಕಪಾಟು ತೆರೆದೆ. ಅಲ್ಲಿರಲಿಲ್ಲ. ಮೂಟೆ ಬಿಚ್ಚಿದೆ. ತಳದಲ್ಲಿ, ಮಡಿಕೆ ಕೂಡ ಮುರಿಯದೆ, ಕಡುಗೆಂಪು ಬಟ್ಟೆ ಇತ್ತು. ಗಂಜಿಯ ವಾಸನೆ ಘಮ್ಮೆಂದಿತು. ಕತ್ತರಿ ಸೋಕಿರಲಿಲ್ಲ. ಪಕ್ಕದಲ್ಲಿದ್ದ ನನ್ನ ಅಳತೆ ಪುಸ್ತಕದಲ್ಲಿ ದುಂಡಗೆ ಬರೆದಿತ್ತು: 'ಶಿವನಿ ಸವಿತಾ, ಗುರುವಾರ, ಮದುವೆ, ಮರೆಯಬಾರದು.'

ಅವರು ಬಯ್ಯಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತು, "ನಾಳೆ ಬೆಳಿಗ್ಗೆ ಧಾರೆ ಕಣ್ರೀ" ಎಂದರು. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನೀವು ಹೋಗ್ರಿ. ನಾಳೆ ಮೊದಲ್ನೇ ಬಸ್ಸಿಗೆ ತರೀಕೆರೆ ಛತ್ರಕ್ಕೆ ನಾನೇ ತರ್ತೀನಿ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ನನ್ನ ಮಾತನ್ನು ನಂಬುವುದು ಬಿಟ್ಟು ಅವರಿಗೆ ಬೇರೆ ದಾರಿ ಇರಲಿಲ್ಲ.

ಅಂದು ಇಡೀ ಹಗಲು ತಲೆಯೆತ್ತದೆ ಹೊಲಿದೆ. ಆದರೂ ಹುಕ್ಕು ಮತ್ತು ಕೈಹೊಲಿಗೆ ಉಳಿದವು. ಅವನ್ನು ತರೀಕೆರೆ ಬಸ್ಸಿನಲ್ಲಿ ಕೂತು ಮುಗಿಸಿದೆ. ರಸ್ತೆಯ ಪ್ರತಿ ಗುಂಡಿಗೂ ಸೂಜಿ ಒಮ್ಮೆ ಬೆರಳಿಗೆ ಚುಚ್ಚಿತು. ಛತ್ರದಲ್ಲಿ ಸವಿತಾ ಸೀರೆ ಉಡದೆ ಕಾಯುತ್ತಿದ್ದಳು. ತೊಡಿಸಿದಾಗ ಭುಜದಲ್ಲಿ ಕೊಂಚ ಸಡಿಲವಿತ್ತು, ನಿಂತಲ್ಲೇ ನಾಲ್ಕು ಹೊಲಿಗೆ ಹಾಕಿದೆ. "ಚೆನ್ನಾಗೈತೆ ಬಿಡಕ್ಕ, ಅಳ್ಬೇಡ" ಎಂದು ಮದುಮಗಳೇ ನನಗೆ ಸಮಾಧಾನ ಹೇಳಬೇಕಾಯಿತು.

ಆಮೇಲೆ ಯಾರ ಕಣ್ಣಿಗೂ ಬೀಳಬಾರದೆಂದು ಉಗ್ರಾಣಕ್ಕೆ ಹೋಗಿ ಕೂತೆ. ಅಲ್ಲಿ ಸವಿತಾಳ ಅಜ್ಜಿ ಗಂಗಮ್ಮ ಮಣೆ ಹಾಕಿಕೊಂಡು ಅಡುಗೆಯವರಿಗೆ ಸಾಮಾನು ಕೊಡುತ್ತಿದ್ದರು. ಬೆಲ್ಲ, ಬೇಳೆ, ತೆಂಗಿನಕಾಯಿ, ಎಲ್ಲ ಗೋಡೆಯುದ್ದಕ್ಕೂ ಪಾತ್ರೆಗಳಲ್ಲಿ ಸಾಲಾಗಿದ್ದವು. ಕೊಟ್ಟು ಮುಗಿದ ಪಾತ್ರೆಯನ್ನು ಅಜ್ಜಿ ಅಲ್ಲೇ ಬೋರಲು ಹಾಕುತ್ತಿದ್ದರು.

"ಬರ್ದಿಟ್ಕೊಂಡಿರ್ಲಿಲ್ವೇನೇ?" ಎಂದರು ನನ್ನತ್ತ ತಿರುಗದೆಯೇ.

"ಬರ್ದಿದ್ದೆ ಅಜ್ಜಿ."

"ಅದ್ಕೇ ಮರ್ತೋಯ್ತು. ಪುಸ್ತಕಕ್ಕೆ ಗೊತ್ತೈತಲ್ಲ ಅಂತ ನಿನ್ ತಲೆ ಮಲಿಕ್ಕೊಂಬಿಡ್ತು. ನಂಗೆ ಓದೋಕ್ ಬರಲ್ಲ ಕಣೇ. ನಿಂತಿರೋ ಪಾತ್ರೆ ಇನ್ನೂ ಆಗ್ಬೇಕಾದ್ದು, ಬೋರಲು ಬಿದ್ದಿದ್ದು ಮುಗಿದಿದ್ದು. ಕಣ್ಣಿಗೆ ಕಾಣೋದನ್ನ ಯಾಕೆ ನೆನಪಿಟ್ಕೋಬೇಕು?"

ಅಷ್ಟರಲ್ಲಿ ಯಾರೋ ಹುಣಸೆಹಣ್ಣು ಕೇಳಿಕೊಂಡು ಬಂದರು. ಅಜ್ಜಿ ನನ್ನನ್ನು ಮರೆತರು. ನಾನು ಆ ಪಾತ್ರೆಗಳನ್ನೇ ನೋಡುತ್ತಾ ಊಟದ ಹೊತ್ತಿನವರೆಗೂ ಕೂತಿದ್ದೆ.

ಊರಿಗೆ ಬಂದವಳೇ ಅಂಗಡಿಯ ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ ಬಿಗಿದೆ. ಕೆಂಪು ದಾರ ಕಟ್ಟಿ ಸೋಮವಾರದಿಂದ ಶನಿವಾರದವರೆಗೆ ಆರು ಪಾಲು ಮಾಡಿದೆ. ಯಾವ ದಿನ ಹೊಲಿಯಬೇಕೋ ಆ ಪಾಲಿಗೆ ಬಟ್ಟೆ, ಬಟ್ಟೆಗೊಂದು ಕ್ಲಿಪ್ಪು. ಹೊಲಿದದ್ದು ಇಳಿದು ಕಪಾಟು ಸೇರುತ್ತದೆ. ಅಷ್ಟೇ. ಆದರೆ ನನ್ನ ಹುಮ್ಮಸ್ಸು ನಿಮಗೆ ಗೊತ್ತಾಯಿತಲ್ಲ. ಮೂಟೆಯಲ್ಲಿದ್ದುದನ್ನೆಲ್ಲ ಒಂದೇ ಸಲ ನೇತುಹಾಕಿದೆ. ಹಗ್ಗ ಜೋತುಬಿದ್ದು ಯಜಮಾನರ ತಲೆಗೆ ತಾಗಿತು. "ಇದು ಅಂಗ್ಡಿನೋ, ಅಗಸರ ಕಟ್ಟೆನೋ?" ಎಂದು ಅವರು ಗೊಣಗಿದಾಗ ಸಿಟ್ಟು ಬಂತು. ಆಮೇಲೆ ಎಣಿಸಿದೆ. ಒಂದು ದಿನಕ್ಕೆ ನನ್ನಿಂದಾಗುವುದು ಐದು ರವಿಕೆ; ಸೋಮವಾರದ ಪಾಲಿನಲ್ಲಿ ಹದಿನೇಳು ತೂಗುತ್ತಿದ್ದವು. ನಾನು ಬರೀ ಮರೆಗುಳಿಯಾಗಿರಲಿಲ್ಲ, ಯಾರಿಗೂ ಇಲ್ಲವೆನ್ನಲಾರದವಳೂ ಆಗಿದ್ದೆ. ಅದು ಯಾವ ಡೈರಿಯಲ್ಲೂ ಕಂಡಿರಲಿಲ್ಲ.

ದಿನಕ್ಕೆ ಐದೇ ಕ್ಲಿಪ್ಪು ಎಂದು ನಿಯಮ ಮಾಡಿದೆ. ಮೊದಲ ಪರೀಕ್ಷೆ ಶಾರದಕ್ಕನದೇ. "ಈ ವಾರ್ದಲ್ಲೇ ಬೇಕು ಕಣೇ" ಎಂದಳು.

"ಜಾಗ ಇಲ್ಲ ಶಾರದಕ್ಕ. ನೀನೇ ನೋಡು."

"ನಂಗೂ ಇಲ್ವಾ?"

ನಾನು ಹಗ್ಗದತ್ತ ಬೆರಳು ತೋರಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಹಗ್ಗವನ್ನು ಈ ತುದಿಯಿಂದ ಆ ತುದಿಗೆ ಎಣಿಸಿದಳು. ಬೇರೆಯವರ ರವಿಕೆ ಕಿತ್ತು ತನ್ನದು ಸಿಗಿಸುತ್ತಾಳೆಂದೇ ಅಂದುಕೊಂಡೆ. "ಹಂಗಾದ್ರೆ ಬರೋ ಸೋಮವಾರದ ಕ್ಲಿಪ್ಪು ನಂದೇ" ಎಂದು ಒಂದು ಕ್ಲಿಪ್ಪನ್ನು ಸೆರಗಿಗೆ ಸಿಗಿಸಿಕೊಂಡು ಹೊರಟೇಹೋದಳು. ಅವಳ ಹಿಂದೆ ನಾನು ಒಬ್ಬಳೇ ನಕ್ಕೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಬ್ಬರಿಗೆ ಇಲ್ಲವೆಂದಿದ್ದೆ, ಊರು ಮುಳುಗಿರಲಿಲ್ಲ.

ನೋಡಿ, ಇಷ್ಟು ಹೇಳುವಷ್ಟರಲ್ಲಿ ಕಡೂರಿನ ಟೀಚರ್ ಬಂದರು. ಹಳೆಯ ವಾಯಿಲ್ ಸೀರೆಯಲ್ಲಿದ್ದಾರೆ, ಕೈಚೀಲದಲ್ಲಿ ಮಡಿಸಿದ ರೇಷ್ಮೆ ಸೀರೆ. ಅಂತರಘಟ್ಟೆಯಲ್ಲಿ ಅವರ ತಂಗಿಯ ಮನೆ ಗೃಹಪ್ರವೇಶವಂತೆ. ಇಲ್ಲೇ ರವಿಕೆ ತೊಟ್ಟು, ಸೀರೆ ಉಟ್ಟು, ಹಾಗೇ ಹೋಗುತ್ತಾರಂತೆ.

"ಒಂದ್ ಫೋನ್ ಮಾಡಿ ಬರ್ಬಾರ್ದಿತ್ತಾ ಮೇಡಂ? ಆಗಿಲ್ದೆ ಇದ್ದಿದ್ರೆ?" ಎಂದೆ.

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬುಧವಾರ ಅಂದಿದ್ರಲ್ಲ? ಇವತ್ತು ಬುಧವಾರ ಅಲ್ವೇನ್ರೀ?"

"ಹೌದು ಮೇಡಂ, ಬುಧವಾರಾನೇ" ಎಂದು ಕಪಾಟಿನಿಂದ ರವಿಕೆ ತೆಗೆದುಕೊಟ್ಟೆ. ಅವರು ಪರದೆಯ ಹಿಂದೆ ಹೋದರು. ನಿಮ್ಮನ್ನು ಬಿಟ್ಟು ಬೇರೆ ಯಾರೂ ನೋಡುತ್ತಿಲ್ಲವೆಂದು ಖಚಿತವಾದ ಮೇಲೆ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಹೋದೆ. ವಯಸ್ಸಾಯಿತಲ್ಲ, ಕೈ ಅಷ್ಟು ಹಿಂದಕ್ಕೆ ಹೋಗಲಿಲ್ಲ. ಭುಜದವರೆಗೆ ತಲುಪಿತು. ಅಲ್ಲೇ ಎರಡು ಸಲ ತಟ್ಟಿದೆ.