ಆರಿಸಿ ಕಳಿಸಿದ ಹುಲ್ಲು

ಬಸ್ಸು ಕೋರಾಡಿ ರಸ್ತೆ ಹಿಡಿಯುವಷ್ಟರಲ್ಲಿ ನಾನು ಮೂರು ಸಲ ಸೀಟು ಬದಲಿಸಿದ್ದೆ. ಕೂತಲ್ಲಿ ಕೂರದ ಸ್ವಭಾವ ನನ್ನದು, ಅದಕ್ಕೆ ಮನೆಯಲ್ಲಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಅಂದು ಮಾತ್ರ ಕಾರಣವಿತ್ತು. ಬೆಳಿಗ್ಗೆ ಸೋದರತ್ತೆಯ ಫೋನು ಬಂದಿತ್ತು.

"ಎಮ್ಮಿ ಇವತ್ತೂ ಮೇವಿಗೆ ಬಾಯಿ ಹಚ್ಚಿಲ್ಲವ್ವಾ. ಕಣ್ಣು ಹಳದಿ ಆಗ್ಯಾವ. ಜಲ್ದಿ ಬಾ."

ಅತ್ತೆ ಕೋರಾಡಿಯ ವಿದ್ಯುತ್ ಸ್ಥಾವರದ ಕಾಲೊನಿಯ ಹಿಂದೆ ಎಮ್ಮೆ ಕಟ್ಟಿ, ಕಾಲೊನಿಯ ಮನೆಗಳಿಗೆ ಹಾಲು ಹಾಕಿ ಬದುಕಿದವಳು. ಈಗ ಉಳಿದದ್ದು ಒಂದೇ ಎಮ್ಮೆ, ಅದರ ಮೇಲೇ ಸಂಸಾರ. ನಾನು ನಗರದ ಸಿವಿಲ್ ಲೈನ್ಸ್ ಕಡೆಯ ಪ್ರಯೋಗಾಲಯವೊಂದರಲ್ಲಿ ದನಗಳ ಮೇವು, ಹಿಂಡಿ ಪರೀಕ್ಷೆ ಮಾಡುವವಳು. ಎಮ್ಮೆ ಸೊರಗುತ್ತಿದೆ ಎಂದು ಅತ್ತೆ ಹೇಳಿದಾಗ, "ಹುಲ್ಲು ಒಂದೀಟು ಕಳಿಸು, ನಾ ನೋಡಿ ಹೇಳ್ತೀನಿ" ಎಂದು ಜಂಬ ಕೊಚ್ಚಿದವಳೂ ನಾನೇ.

ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಒಣಹುಲ್ಲು ಬಂತು. ಬೂಷ್ಟಿನ ವಿಷ ಇರಲಿಲ್ಲ, ತೇವವೂ ಹೆಚ್ಚಿರಲಿಲ್ಲ. ವರದಿಗೆ ಸಹಿ ಹಾಕಿ, ಮೊಹರು ಒತ್ತಿ ಕಳಿಸಿದೆ. ಇಲ್ಲಿಯ ರೂಢಿಯಂತೆ ಮರಾಠಿಯಲ್ಲಿದ್ದದ್ದನ್ನು ಫೋನಿನಲ್ಲಿ ಬಿಡಿಸಿ ಹೇಳಿದೆ, "ಬರೋಬರ್ ಐತಿ ಅತ್ತಿ, ಕಾಳಜಿ ಮಾಡಬ್ಯಾಡ." ಅದಾಗಿ ಎರಡು ವಾರವಾಗಿತ್ತು.

ಬಸ್ಸಿನಲ್ಲಿ ಆ ಗಂಟು ಕಣ್ಣ ಮುಂದೆ ಬಂತು. ಕಡ್ಡಿಗೆ ಕಡ್ಡಿ ಹೊಂದಿಸಿದ ಒಂದೇ ಜಾತಿಯ ಹುಲ್ಲು ಅದು. ಕಾಲೊನಿಯ ಹಿಂದಿನ ಬಯಲಲ್ಲಿ ಅತ್ತೆ ಕೊಯ್ದ ಹುಲ್ಲು ಅಷ್ಟು ಚೊಕ್ಕಟ ಇರುತ್ತದೆಯೇ? ಚಿಕ್ಕಂದಿನ ರಜೆಯಲ್ಲಿ ನಾನು ಅದೇ ಬಯಲಲ್ಲಿ ಎಮ್ಮೆಗಳ ಹಿಂದೆ ಅಲೆದಿದ್ದೆ. ಆಗ ಅಲ್ಲಿ ಹತ್ತಾರು ಬಗೆಯ ಹುಲ್ಲು, ನಡುನಡುವೆ ಬಳ್ಳಿಗಳು. ಎಮ್ಮೆಗಳು ಮೂಸಿ ಮೂಸಿ ತಿನ್ನುತ್ತ, ಹಳದಿ ಹೂವಿನ ಒಂದು ಗಿಡವನ್ನು ಮಾತ್ರ ಬಿಟ್ಟು ಮುಂದೆ ಹೋಗುತ್ತಿದ್ದವು. ಅದರ ಒಣಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನುತ್ತಿತ್ತು, ನಾವು ಗೆಜ್ಜೆ ಎಂದು ಕಾಲಿಗೆ ಕಟ್ಟಿಕೊಳ್ಳುತ್ತಿದ್ದೆವು. ಆ ಗಿಡ ಯಕೃತ್ತನ್ನು ಕೆಡಿಸುತ್ತದೆ, ಕಣ್ಣು ಹಳದಿಯಾಗುತ್ತದೆ ಎಂದು ಆಮೇಲೆ ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ನನ್ನ ಮೇಲೆ ನನಗೇ ಸಿಟ್ಟು ಬಂತು. ಡ್ರೈವರ್ ಬೇಕಂತಲೇ ನಿಧಾನ ಓಡಿಸುತ್ತಿದ್ದಾನೆ ಅನ್ನಿಸಿ ಅವನ ಮೇಲೂ ಬಂತು.

ಅಂಗಳಕ್ಕೆ ಹೋದವಳೇ ಎಮ್ಮೆಯನ್ನೂ ನೋಡದೆ ಬಣವೆಗೆ ಕೈ ಹಾಕಿದೆ. ಗಲಗಲ ಅಂದಿತು. ಎಳೆದ ಹಿಡಿಹಿಡಿಯಲ್ಲೂ ಅದೇ ಗಿಡ. ಬಯಲು ಕಿರಿದಾಗಿ ಹಳೆಯ ಹುಲ್ಲುಗಳಲ್ಲಿ ಎರಡು ಮೂರು ಉಳಿದಿದ್ದವು, ಇದೊಂದು ಎಲ್ಲೆಡೆ ಹಬ್ಬಿತ್ತು. ಪಕ್ಕದಲ್ಲೇ ಮೇವು ಕತ್ತರಿಸುವ ಯಂತ್ರ ನಿಂತಿತ್ತು. ಅದರಲ್ಲಿ ಚೂರು ಚೂರಾದ ಮೇಲೆ ಎಮ್ಮೆ ತಾನೇ ಏನನ್ನು ಆರಿಸಿ ಬಿಟ್ಟೀತು?

"ಅತ್ತಿ, ನನಗ ಕಳಿಸಿದ್ದರಾಗ ಇದು ಇರಲೇ ಇಲ್ಲಲ್ಲ?"

"ಹೆಂಗ ಇರತೈತಿ? ಮೊರದಾಗ ಹಾಕ್ಕೊಂಡು ಅಕ್ಕಿ ಆರಿಸಿದಂಗ ಆರಿಸೇನಿ. ನಾಕ ಮಂದಿ ಸಾಹೇಬ್ರು ನೋಡೂ ಹುಲ್ಲು. ಕಸಾ ಕಳಿಸಿದ್ರ ನಿನ್ನ ಮರ್ಯಾದಿ ಏನ ಉಳೀತಿತ್ತು?"

ನಾನು ಕೈಯಲ್ಲಿದ್ದ ಹಿಡಿಯನ್ನು ದೂರ ಎಸೆದೆ. ಅತ್ತೆ ಎಮ್ಮೆಯ ಕುತ್ತಿಗೆ ಸವರುತ್ತ ಹೇಳಿದಳು.

"ನೀ ಬರೋಬರ್ ಐತಿ ಅಂದ ಮ್ಯಾಗ ದಿನಾ ಒಂದ ಬುಟ್ಟಿ ಹೆಚ್ಚಿಗಿನ ಹಾಕೇನಿ. ಪಾಪ, ಸೊರಗೇತಲ್ಲ."

ಡಾಕ್ಟರು ಬಂದು ನೋಡಿ, ತಡವಾಯಿತು ಎಂದರು. ಮೂರನೆಯ ದಿನ ಎಮ್ಮೆ ಸತ್ತಿತು. ತಪ್ಪು ನನ್ನದು, ಹುಲ್ಲು ಎಲ್ಲಿಂದ ಹೇಗೆ ತೆಗೆದೆ ಎಂದು ನಾನು ಒಂದು ಮಾತು ಕೇಳಲಿಲ್ಲ ಎಂದು ಅತ್ತೆಗೆ ಹೇಳಿದೆ. ವರದಿ ಎಲ್ಲಿ, ಹರಿದು ಒಲೆಗೆ ಹಾಕುತ್ತೇನೆ ಎಂದು ಮನೆಯೆಲ್ಲ ಹುಡುಕಾಡಿದೆ. ಅದು ದೇವರ ಫೋಟೋದ ಹಿಂದೆ ಸಿಕ್ಕಿತು, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು.

ಅತ್ತೆ ನನ್ನ ಕೈಯಿಂದ ಅದನ್ನು ಕಸಿದುಕೊಂಡಳು.

"ಇದನ್ಯಾಕ ಹರೀತಿ? ಸಿಕ್ಕಾ ಹೊಡದ ಕಾಗದದ ಮ್ಯಾಗ ಸಹಿ ಮಾಡಿದಾಕಿ, ನಮ್ಮ ಮನಿತನದಾಗ ನೀ ಒಬ್ಬಾಕಿ."