ಅರಿಶಿನ ತಾಗಿದ ಆರು ಸ್ಕ್ಯಾಲಪ್

ನಾನು ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಅಲ್ಲಿ ಕತ್ತರಿ, ಚಿಮುಟ, ಹತ್ತಿ ಎಲ್ಲವೂ ಟ್ರೇಯಲ್ಲಿ ತಮ್ಮ ತಮ್ಮ ಜಾಗದಲ್ಲಿರಬೇಕು. ಕೆಲಸ ಶುರುವಾದ ಮೇಲೆ ಹುಡುಕುವಂತಿಲ್ಲ. ಅಷ್ಟೇ ಶಿಸ್ತನ್ನು ಅಡುಗೆಮನೆಯಲ್ಲಿ ನಾನು ಕಂಡದ್ದು ಒಬ್ಬಳಲ್ಲಿ ಮಾತ್ರ. ಅವಳು ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿರುವ ಸುರತ್ಕಲ್ಲಿನ ಹುಡುಗಿ.

ಪ್ರಯಾಣಿಕರ ಹಡಗಿನ ಅಡುಗೆಮನೆಯಲ್ಲಿ ಆರು ವರ್ಷ ದುಡಿದು ಇಟಲಿಯ ಅಡುಗೆ ಕಲಿತು ಬಂದಿದ್ದಳು. ಉಳ್ಳಾಲದ ಕಡೆ ಹೊಸ ಹೋಟೆಲು ತೆರೆಯಲಿದ್ದ ಗಂಡಹೆಂಡತಿ ಅವಳ ಕೈರುಚಿ ನೋಡಲು ಶನಿವಾರ ಒಂದು ಗಂಟೆಗೆ ಬರುವವರಿದ್ದರು. ಒಪ್ಪಿದರೆ ಮುಖ್ಯ ಅಡುಗೆಯವಳ ಕೆಲಸ, ಇಲ್ಲದಿದ್ದರೆ ಮತ್ತೆ ಹಡಗು. ಹಡಗಿಗೆ ಮರಳಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ. ಮಾಳಿಗೆಯಲ್ಲಿ ಇದ್ದದ್ದು ಒಂದೇ ಒಲೆ, ಹಾಗಾಗಿ ನನ್ನ ಅಡುಗೆಮನೆ ಬಿಟ್ಟುಕೊಟ್ಟೆ.

ಅವಳು ಮಾಡಲಿದ್ದದ್ದು ಸ್ಕ್ಯಾಲಪ್. ಅದೆಂದರೆ ನಮ್ಮ ಮರುವಾಯಿಯಂತೆ ಚಿಪ್ಪಿನೊಳಗಿನ ಜೀವಿ. ತಿನ್ನುವುದು ಒಳಗಿನ ಬಿಳಿ ದುಂಡು ಮಾಂಸವನ್ನು. ದೊಡ್ಡ ಊರಿನಿಂದ ಮಂಜುಗಡ್ಡೆಯಲ್ಲಿ ತರಿಸಿದ್ದು ಹನ್ನೆರಡೇ ಇದ್ದವು. ಬೆಳಿಗ್ಗೆಯೇ ಅವನ್ನು ಬಟ್ಟೆಯ ನಡುವೆ ಹರಡಿ ಫ್ರಿಜ್ಜಿನಲ್ಲಿಟ್ಟಳು. ಬೆಳ್ಳುಳ್ಳಿ, ನಿಂಬೆ, ಬೆಣ್ಣೆ, ಬ್ರೆಡ್ಡಿನ ಪುಡಿ ಸಣ್ಣ ಬಟ್ಟಲುಗಳಲ್ಲಿ ಸಾಲಾಗಿ ನಿಂತವು. ನೋಡಿ ನನಗೆ ಥಿಯೇಟರೇ ನೆನಪಾಯಿತು.

ಕ್ರಿಸ್ಮಸ್ಸಿಗೆ ಮಾಡಿದ ದ್ರಾಕ್ಷಿ ವೈನಿನ ಬಾಟಲಿಯನ್ನು ನಾನು ಮುಂದಿಟ್ಟೆ. ಅವಳು ಒಂದು ಗುಟುಕು ಕುಡಿದಳು.

"ವೈನ್ ಲಾಯ್ಕ್ ಉಂಟು ಸಿಸ್ಟರ್. ಆದ್ರೆ ಇದಕ್ಕೆ ಬೇಡ. ಸ್ಕ್ಯಾಲಪ್ಪೇ ಸಿಹಿ. ನಾವು ಮೀನಿಗೆ ಹುಳಿ ಹಾಕುದಿಲ್ವಾ? ಹಾಗೆ, ಇದರ ಪಕ್ಕ ಹುಳಿ ವೈನೇ ಆಗ್ಬೇಕು."

ಅವಳು ತಂದಿದ್ದ ಬಿಳಿ ವೈನ್ ನಾಲಿಗೆಗೆ ಬಿಂಬುಳಿ ಕಾಯಿಯಂತೆ ಹುಳಿ ಹುಳಿಯಾಗಿ ತಾಗಿತು. ನನಗೆ ಹಿಡಿಸಲಿಲ್ಲ, ಅದನ್ನು ಹೇಳಿಯೂ ಬಿಟ್ಟೆ. "ಬರೀ ವೈನ್ ಕುಡಿದು ತೀರ್ಪು ಕೊಡ್ಬೇಡಿ," ಎಂದು ನಕ್ಕಳು.

ಹನ್ನೊಂದೂವರೆಗೆ ಸ್ನಾನಕ್ಕೆಂದು ಮೇಲೆ ಹೋದಳು. ನಾನು ಫ್ರಿಜ್ಜು ತೆರೆದೆ. ತೊಳೆಯದ ಮೀನು ಬಾಣಲೆಗೆ ಹೋಗುವುದೆಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ನಮ್ಮಲ್ಲಿ ಮೀನು ಯಾವುದೇ ಇರಲಿ, ಉಪ್ಪು ಅರಿಶಿನದ ನೀರು ಕಾಣದೆ ಒಲೆ ಹತ್ತಿದ್ದಿಲ್ಲ. ಆರನ್ನು ತೆಗೆದು ಗಡಿಯಾರ ನೋಡಿ ಐದು ನಿಮಿಷ ನೆನೆಹಾಕಿದೆ. ಇನ್ನಾರಕ್ಕೆ ಕೈ ಹಾಕುವಷ್ಟರಲ್ಲಿ ಅವಳು ಬಾಗಿಲಲ್ಲಿ ನಿಂತಿದ್ದಳು.

"ಸಿಸ್ಟರ್, ಇದೆಂತ?"

"ತೊಳೆದೆ."

ಅವಳು ಒಂದನ್ನು ಎತ್ತಿ ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಹೇಳಿದಳು: "ಅದನ್ನು ಒಣಗಿಸ್ಲಿಕ್ಕೆ ಇಟ್ಟದ್ದು. ನೀರು ಕುಡಿದ್ರೆ ಬಾಣಲೆಯಲ್ಲಿ ಬೇಯ್ತದೆ ಅಷ್ಟೆ, ಕೆಂಪಾಗುದಿಲ್ಲ."

ಕ್ಷಮೆ ಕೇಳಲು ಬಾಯಿ ತೆರೆದರೆ ಅವಳು, "ತಪ್ಪು ನಂದೇ. ಥಿಯೇಟರ್ ಸಿಸ್ಟರ್ ಇರುವಲ್ಲಿ ಪೇಷಂಟನ್ನು ತೊಳೆಯದೆ ಇಡ್ಲಿಕ್ಕುಂಟಾ?" ಎಂದು ಆಗಲೇ ಚಾಕು ಕೈಗೆತ್ತಿಕೊಂಡಿದ್ದಳು.

ತಲೆಗೆ ಆರರಂತೆ ಬಡಿಸಬೇಕಿದ್ದದ್ದು ಮೂರಕ್ಕೆ ಇಳಿಯಿತು. ಹಳದಿಯಾದ ಆರನ್ನು ಸಣ್ಣಗೆ ಹೆಚ್ಚಿ, ಬೆಳ್ಳುಳ್ಳಿಯ ಜೊತೆ ಬೆಣ್ಣೆಯಲ್ಲಿ ಬಾಡಿಸಿ, ಮೇಲೆ ಅದೇ ಬಿಳಿ ವೈನ್ ಸುರಿದಳು. ಹುಳಿ ಪರಿಮಳದ ಹಬೆ ಎದ್ದಿತು. ಅದರಲ್ಲಿ ಬೆಂದ ಸ್ಪಗೆಟ್ಟಿ, ಎಂದರೆ ಇಟಲಿಯ ಉದ್ದ ಶಾವಿಗೆ, ಹಾಕಿ ಹೊರಳಿಸಿದಳು. ಉಳಿದ ಆರನ್ನು ಹೊಗೆಯಾಡುವ ಬಾಣಲೆಗೆ ಇಟ್ಟು, ಒಂದು ಮಗ್ಗುಲಿಗೆ ಎರಡು ನಿಮಿಷ, ಇನ್ನೊಂದಕ್ಕೆ ಒಂದು ನಿಮಿಷ ಬೇಯಿಸಿದಳು. ಗಡಿಯಾರ ನೋಡಿದವಳು ನಾನು, ಅವಳು ನೋಡಲೇ ಇಲ್ಲ. ಆದರೂ ಒಂದು ಸೆಕೆಂಡು ತಪ್ಪಲಿಲ್ಲ. ಹಾಗೆ ಕೆಲಸ ಮಾಡುವ ಕೈಗಳನ್ನು ನಾನು ನೋಡಿದ್ದು ಇಬ್ಬರು ಸರ್ಜನ್ನರಲ್ಲಿ ಮಾತ್ರ. ಸ್ಪಗೆಟ್ಟಿಯ ಬಾಣಲೆಯಲ್ಲಿ ಉಳಿದ ಸ್ಕ್ಯಾಲಪ್ ಚೂರೊಂದನ್ನು ನನ್ನ ಬಾಯಿಗಿಟ್ಟು ವೈನ್ ಕೊಟ್ಟಳು. ಈ ಸಲ ಹುಳಿ ಹಿಂದೆ ಸರಿದು ಸ್ಕ್ಯಾಲಪ್ಪಿನ ಸಿಹಿ ಮುಂದೆ ಬಂತು. ನನ್ನ ತೀರ್ಪನ್ನು ವಾಪಸು ತೆಗೆದುಕೊಂಡೆ.

ಒಂದು ಗಂಟೆಗೆ ಬಂದ ಗಂಡಹೆಂಡತಿ ಮೊದಲು ಸ್ಕ್ಯಾಲಪ್, ಆಮೇಲೆ ಸ್ಪಗೆಟ್ಟಿ ತಿಂದರು. ಗಂಡ ಸ್ಪಗೆಟ್ಟಿಯ ಕೊನೆಯ ಎಳೆಯನ್ನು ಎತ್ತಿ ನೋಡಿದರು. "ಬಣ್ಣ ಒಳ್ಳೆ ಉಂಟು. ಕೇಸರಿಯಾ?"

ಹೌದೆಂದಿದ್ದರೆ ಮುಗಿಯುತ್ತಿತ್ತು.

"ಅಲ್ಲ ಸರ್, ಅರಿಶಿನ. ಇಟಲಿಯಲ್ಲಿ ಹಾಕುದಿಲ್ಲ. ಇಲ್ಲಿ ತೊಳೆಯುವಾಗ ತಾಗಿದ್ದು."

ಯಾರು ತೊಳೆದದ್ದೆಂದು ಅವಳು ಹೇಳಲಿಲ್ಲ. ನಾನೇ ಹೇಳಿದೆ: "ಕೇಳದೆ ಮುಟ್ಟಿದ್ದು ನಾನು. ಒಣಗಿಸಿ ಇಟ್ಟಿದ್ಲು, ಅರ್ಧ ಹಾಳು ಮಾಡಿದೆ."

ಹೆಂಡತಿ ನನ್ನನ್ನೂ ಅವಳನ್ನೂ ನೋಡಿದರು. "ಹಾಳಾದದ್ದು ಯಾವುದು ಮಾರಾಯ್ರೆ? ಇವರು ತಟ್ಟೆ ಒರೆಸಿ ತಿಂದಾಯ್ತು." ಆಮೇಲೆ ಅವಳ ಕಡೆ ತಿರುಗಿ, "ನಮ್ಮಲ್ಲಿ ಫ್ರಿಜ್ಜಿಗೆ ಬೀಗ ಉಂಟು. ಕೀ ನಿಮ್ಮ ಹತ್ರವೇ ಇರ್ಲಿ. ಸೋಮವಾರ ಹತ್ತು ಗಂಟೆಗೆ ಬನ್ನಿ," ಎಂದರು.

"ಒಂಬತ್ತಕ್ಕೆ ಬರ್ತೇನೆ ಮೇಡಂ. ಪಾತ್ರೆ ಎಲ್ಲೆಲ್ಲಿ ಉಂಟಂತ ಮೊದ್ಲು ನೋಡ್ಬೇಕು."